ಬೀಗಿತ್ತಿಯ ಮಂಡಿ, ಮರಳುದಿಬ್ಬದ ದಾರಿ

ನಮ್ಮ ಮಗಳ ಮನೆಯಲ್ಲಿ ಅಜ್ಜಿಯರಿಗೆ ಪಾಳಿ. ಮಗಳು, ಅಳಿಯ ಇಬ್ಬರೂ ಹೊರದೇಶದಲ್ಲಿ, ನೂರ್ಡ್‌ವೈಕ್ ಎಂಬ ಸಮುದ್ರದಂಡೆಯ ಊರಿನಲ್ಲಿದ್ದಾರೆ, ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ನಮ್ಮಂಥವರಿಗೆ ಇಲ್ಲಿಯವರು ವೀಸಾ ಕೊಡುವುದು ತೊಂಬತ್ತು ದಿನಕ್ಕೆ. ಅಳಿಯನ ತಾಯಿ ಬಂದು ತೊಂಬತ್ತು ದಿನ ಇದ್ದು ಹೋದರೆ ನಾನು ಬರುತ್ತೇನೆ. ನಾನು ಹೋದ ಮೇಲೆ ಸ್ವಲ್ಪ ದಿನ ಬಿಟ್ಟು ಅವರು ಬರುತ್ತಾರೆ. ಮೊಮ್ಮಗಳು ಹುಟ್ಟಿದಾಗಿನಿಂದ ಹೀಗೇ ನಡೆದಿದೆ, ಈಗ ಅವಳಿಗೆ ನಾಲ್ಕು ತುಂಬಿದೆ. ಈ ನಾಲ್ಕು ವರ್ಷದಲ್ಲಿ ಬೀಗಿತ್ತಿಯೂ ನಾನೂ ಒಂದೇ ಸೂರಿನಡಿ ಒಂದು ವಾರ ಕಳೆದವರಲ್ಲ. ನಮ್ಮ ಸಂಬಂಧ ಚೆನ್ನಾಗಿದ್ದದ್ದು ಅದರಿಂದಲೇ. ನಾನು ಬಂದ ದಿನ ಸಾಸಿವೆ ಡಬ್ಬಿ ಒಲೆಯ ಎಡಕ್ಕೆ ಬರುತ್ತದೆ, ಅವರು ಬಂದ ದಿನ ಬಲಕ್ಕೆ ಹೋಗುತ್ತದೆ. ಜಗಳ ಅಷ್ಟೇ.

ಈ ವರ್ಷ ಪಾಳಿ ಕೆಟ್ಟಿತು. ಬೀಗಿತ್ತಿ ಬಂದ ಮೂರನೆಯ ವಾರಕ್ಕೆ ಮೆಟ್ಟಿಲ ಮೇಲಿಂದ ಬಿದ್ದರು. ಈ ದೇಶದ ಮನೆಗಳ ಮೆಟ್ಟಿಲು ನಮ್ಮ ಅಟ್ಟದ ಏಣಿಗಿಂತ ಕಡೆ. ಅದರ ಮೇಲೆ ಕಾಲುಚೀಲ ಹಾಕಿಕೊಂಡು, ಕೈಯಲ್ಲಿ ಮಡಿಸಿದ ಬಟ್ಟೆ ಹಿಡಿದುಕೊಂಡು ಇಳಿದರೆ ಬೀಳದೆ ಇನ್ನೇನು. ಬಲಗಾಲಿನ ಮಂಡಿಚಿಪ್ಪು ಬಿರುಕು ಬಿಟ್ಟಿತು. ಆಪರೇಷನ್ ಬೇಡ ಎಂದು ಐದು ವಾರ ಕಾಲನ್ನು ನೆಟ್ಟಗೆ ಕಟ್ಟಿ ಇಟ್ಟರು. ಮಗಳು ಫೋನಿನಲ್ಲಿ, "ಅಮ್ಮ, ನೀನು ಬೇಗ ಬಂದುಬಿಡು, ನಂಗೆ ಆಗ್ತಿಲ್ಲ" ಎಂದಳು. ಕಟ್ಟು ಬಿಚ್ಚಿದ ವಾರ ನಾನು ಬಂದಿಳಿದೆ. ಅವರ ವೀಸಾದಲ್ಲಿ ಇನ್ನು ಐದು ವಾರ ಉಳಿದಿತ್ತು.

ಬೀಗಿತ್ತಿ ಮೈಸೂರಿನಲ್ಲಿ ಹೈಸ್ಕೂಲಿಗೆ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಪಾಂಡವಪುರದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಕೆಲಸ ಮಾಡಿದೆ. ಮನೆಯಿಂದ ಆಸ್ಪತ್ರೆಗೆ ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದೆ. ಅಲ್ಲಿ ನಾನು ಎತ್ತಿದ, ಹೊರಳಿಸಿದ, ಕೂರಿಸಿದ ರೋಗಿಗಳಿಗೆ ಲೆಕ್ಕವಿಲ್ಲ. ಡಾಕ್ಟರಿಗೆ ತಿಳಿಯದ ಒಂದು ವಿಷಯ ಆಯಾಗೆ ತಿಳಿಯುತ್ತದೆ. ಯಾರಿಗೆ ನೋವು, ಯಾರಿಗೆ ಭಯ ಎಂಬುದು ಎತ್ತುವ ಕೈಗೆ ಗೊತ್ತಾಗುತ್ತದೆ.

ಬೀಗಿತ್ತಿಗೆ ವಾರಕ್ಕೆ ಎರಡು ಸಲ ಫಿಸಿಯೋ ಇತ್ತು. ಬಾಗಿಲಷ್ಟು ಎತ್ತರದ ಹುಡುಗಿ, ನಗುನಗುತ್ತಲೇ ಕಾಲು ಹಿಡಿದು ಒತ್ತುತ್ತಿದ್ದಳು. ಪ್ಲಾಸ್ಟಿಕ್ಕಿನ ಎರಡು ಪಟ್ಟಿ ಸೇರಿಸಿದ ಒಂದು ಅಳತೆಗೋಲು ಇಟ್ಟು ಮಂಡಿ ಎಷ್ಟು ಡಿಗ್ರಿ ಮಡಿಯುತ್ತದೆ ಎಂದು ನೋಡುತ್ತಿದ್ದಳು. ತೊಂಬತ್ತಾದರೂ ಬೇಕು ಎಂದಳು. ತೊಂಬತ್ತು ಬಾರದಿದ್ದರೆ ವಿಮಾನದ ಸೀಟಿನಲ್ಲಿ ಕೂರಲಾಗುವುದಿಲ್ಲ. ಆಮೇಲೂ ಬಾರದಿದ್ದರೆ ಮತ್ತಿನ ಔಷಧಿ ಕೊಟ್ಟು ಮಲಗಿಸಿ, ಬಲವಾಗಿ ಮಡಿಸಬೇಕಾಗುತ್ತದೆ. ಇದನ್ನು ಕೇಳಿ ಬೀಗಿತ್ತಿಯ ಮುಖ ಸುಣ್ಣದಂತಾಯಿತು. ಮೊದಲ ವಾರದಲ್ಲಿ ಮೂವತ್ತರಿಂದ ಐವತ್ತಕ್ಕೆ, ಐವತ್ತರಿಂದ ಎಪ್ಪತ್ತಕ್ಕೆ ಬಂತು. ಅಲ್ಲಿಗೆ ಬಂದು ಕಲ್ಲಾಯಿತು. ಅಲ್ಲಿಂದ ಮೇಲೆ ಹುಡುಗಿ ಕೈ ಇಟ್ಟರೆ ಸಾಕು, ಕಿರುಚುತ್ತಿದ್ದರು.

"ಸೈಕಲ್ ತುಳೀಲಿ" ಎಂದಳು ಹುಡುಗಿ. ಈ ದೇಶದಲ್ಲಿ ನೆಗಡಿಗೂ ಅದನ್ನೇ ಹೇಳುತ್ತಾರೋ ಏನೋ.

ಬೀಗಿತ್ತಿ ಜನ್ಮದಲ್ಲಿ ಸೈಕಲ್ ಮುಟ್ಟಿದವರಲ್ಲ. ಅದಕ್ಕೂ ಇಲ್ಲಿ ದಾರಿಯಿದೆ. ನಮ್ಮ ಬೀದಿಯ ಆಚೆ ವಯಸ್ಸಾದವರ ಮನೆಯೊಂದಿದೆ, ಅಲ್ಲಿ ಜೋಡಿ ಸೈಕಲ್ ಇಟ್ಟಿದ್ದಾರೆ. ಮೂರು ಚಕ್ರ, ಕುರ್ಚಿಯಂಥ ಎರಡು ಸೀಟು ಅಕ್ಕಪಕ್ಕ. ಹ್ಯಾಂಡಲ್ಲು ಒಬ್ಬರ ಕೈಯಲ್ಲಿ, ಪೆಡಲು ಇಬ್ಬರಿಗೂ. ಬ್ಯಾಟರಿಯೂ ಇದೆ, ತುಳಿಯುವವರಿಗೆ ಹಿಂದಿನಿಂದ ತಳ್ಳಿದಂತೆ ಆಗುತ್ತದೆ. ಅಕ್ಕಪಕ್ಕದವರು ಕೇಳಿದರೆ ಬೆಳಗಿನ ಹೊತ್ತು ಕೊಡುತ್ತಾರೆ. ಅಳಿಯ ಹೋಗಿ ಮಾತಾಡಿ ಬಂದ. ಅಲ್ಲಿಯ ಬೆಳ್ಳಿಕೂದಲ ಹೆಂಗಸೊಬ್ಬಳು ನನ್ನನ್ನು ಕೂರಿಸಿಕೊಂಡು ಬೀದಿಯಲ್ಲಿ ಎರಡು ಸುತ್ತು ಹಾಕಿಸಿದಳು. ನನಗಿಂತ ಹತ್ತು ವರ್ಷ ದೊಡ್ಡವಳು. ಹೆಬ್ಬೆರಳು ಎತ್ತಿ ಇಳಿದು ಹೋದಳು. ಪರೀಕ್ಷೆ ಮುಗಿಯಿತು.

ದಾರಿ ಹುಡುಕುವುದು ಹೇಗೆ ಎಂದು ಮಗಳಿಗೆ ಚಿಂತೆ. ಇಲ್ಲಿಯ ಊರಿನ ಹೆಸರು ನನಗೆ ಓದಲು ಬಾರದು, ಓದಿದರೂ ಬಾಯಿಗೆ ಹತ್ತದು. ಆದರೆ ಈ ದೇಶದವರು ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. ಸೈಕಲ್ ದಾರಿಗಳು ಕೂಡುವ ಜಾಗಕ್ಕೆಲ್ಲ ಒಂದೊಂದು ನಂಬರು ಕೊಟ್ಟಿದ್ದಾರೆ. ಕಂಬದ ಮೇಲೆ ಹಸಿರು ಬಣ್ಣದಲ್ಲಿ ಅಂಕಿ, ಮುಂದಿನ ಅಂಕಿಗೆ ಯಾವ ಕಡೆ ತಿರುಗಬೇಕೆಂದು ಬಾಣ. ಹೊರಡುವಾಗ ನಾಲ್ಕಾರು ನಂಬರು ಚೀಟಿಯಲ್ಲಿ ಬರೆದುಕೊಂಡರೆ ಸಾಕು. ಭಾಷೆ ಬೇಡ, ನಕ್ಷೆ ಬೇಡ, ಯಾರನ್ನೂ ಕೇಳುವುದು ಬೇಡ. ಅಳಿಯ ದಿನಾ ರಾತ್ರಿಯ ಊಟವಾದ ಮೇಲೆ ಚೀಟಿ ಬರೆದು ಹ್ಯಾಂಡಲ್ಲಿಗೆ ಅಂಟಿಸಲು ಕೊಡುತ್ತಿದ್ದ. ವಾರ್ಡಿನಲ್ಲಿ ಬೆಡ್ ನಂಬರು ನೋಡಿ ಔಷಧಿ ಹಂಚಿದವಳಿಗೆ ಇದೇನು ದೊಡ್ಡದು.

ಮೊಮ್ಮಗಳನ್ನು ಎಂಟೂವರೆಗೆ ಶಾಲೆಗೆ ಬಿಟ್ಟು ನಾವು ಹೊರಡುತ್ತಿದ್ದೆವು. ಎರಡು ಗಂಟೆಗೆ ಅವಳನ್ನು ಕರೆತರಬೇಕು, ಅಷ್ಟರೊಳಗೆ ವಾಪಸ್ಸು. ಬೀಗಿತ್ತಿಗೆ ಸೊಸೆಯ ಪ್ಯಾಂಟು, ಅದರ ಮೇಲೆ ತಮ್ಮ ಉದ್ದನೆಯ ಸ್ವೆಟರು. ನಾನು ಸೀರೆಯನ್ನೇ ಎತ್ತಿ ಕಟ್ಟಿ ಕೂರುತ್ತಿದ್ದೆ. ಮೊದಮೊದಲು ಸಮ ನೆಲದ ದಾರಿ. ಕಾಲುವೆ ಪಕ್ಕದಲ್ಲೇ ಹೋಗಿ ನೂರ್ಡ್‌ವೈಕರ್‌ಹೌಟ್, ಇನ್ನೊಂದು ದಿನ ಸಾಸೆನ್‌ಹೈಮ್. ಅದೇ ದಾರಿಯಲ್ಲಿ ವಾಪಸ್ಸು. ಸಣ್ಣ ಸಣ್ಣ ಊರು, ನಡುವೆ ಒಂದು ಚರ್ಚು, ಒಂದು ಬೇಕರಿ, ಮುಗಿಯಿತು. ಮನೆಗಳ ದೊಡ್ಡ ಕಿಟಕಿಗೆ ಪರದೆಯೇ ಇಲ್ಲ. ಒಳಗೆ ಕುಳಿತು ಪೇಪರು ಓದುವ ಮುದುಕ ನಮ್ಮನ್ನು ನೋಡಿ ಕೈ ಎತ್ತುತ್ತಾನೆ.

ಬೀಗಿತ್ತಿ ದಾರಿಯುದ್ದಕ್ಕೂ ಬೋರ್ಡು ಓದುತ್ತಿದ್ದರು. ಅಂಗಡಿ ಬೋರ್ಡು, ಬೀದಿ ಹೆಸರು, ನಾಯಿಯ ಬಗ್ಗೆ ಎಚ್ಚರಿಕೆ, ಎಲ್ಲವನ್ನೂ ಗಟ್ಟಿಯಾಗಿ. ಅರ್ಥ ಮಾತ್ರ ಗೊತ್ತಿಲ್ಲ.

"ಯಾರಿಗೆ ಪಾಠ ಹೇಳ್ತಿದ್ದೀರಿ, ಮೇಡಮ್ಮೋರೇ?" ಎಂದೆ ಒಂದು ದಿನ.

"ಅಭ್ಯಾಸ ಕಣ್ರೀ. ಅಕ್ಷರ ಕಂಡ್ರೆ ಬಾಯಿ ಸುಮ್ನಿರಲ್ಲ."

"ಬಾಯಿ ಓಡಿದಂಗೆ ಕಾಲೂ ಓಡುದ್ರೆ ಚೆನ್ನಾಗಿರ್ತಿತ್ತು."

ಅವರು ಮುಂದಿನ ಬೋರ್ಡು ಓದಿದರು. ಅವರ ಕಾಲು ಪೆಡಲಿನ ಮೇಲೆ ಸುಮ್ಮನೆ ಕುಳಿತಿರುತ್ತಿತ್ತು. ಆ ಸೈಕಲ್ಲಿನಲ್ಲಿ ನನ್ನ ಪೆಡಲು ನನಗೆ, ಅವರ ಪೆಡಲು ಅವರಿಗೆ. ಒಬ್ಬರು ತುಳಿಯದಿದ್ದರೂ ಗಾಡಿ ಹೋಗುತ್ತದೆ. ಬಲಗಾಲನ್ನು ಕೆಳಗೆ ಇಳಿಸಿಟ್ಟು, ಮುಂದೆ ಚಾಚಿ, ಬೆನ್ನು ಒರಗಿಸಿ ಅವರು ಕಾರಿನಲ್ಲಿ ಹೋದಂತೆ ಬರುತ್ತಿದ್ದರು. ತುಳಿಯುತ್ತಿದ್ದವಳು ನಾನು. ಫಿಸಿಯೋ ಹುಡುಗಿ, ಸೈಕಲ್ ಹೇಗೆ ನಡೆಯುತ್ತಿದೆ ಎಂದು ಕೇಳಿದರೆ ಇಂಗ್ಲಿಷಿನಲ್ಲಿ, "ದಿನಕ್ಕೆ ಹತ್ತು ಕಿಲೋಮೀಟರ್" ಎನ್ನುತ್ತಿದ್ದರು. ಸುಳ್ಳಲ್ಲ. ಹತ್ತು ಕಿಲೋಮೀಟರ್ ಆಗುತ್ತಿತ್ತು, ನನ್ನ ಕಾಲಿಗೆ. ಹುಡುಗಿ ಅಳತೆಗೋಲು ನೋಡಿ ಹುಬ್ಬು ಗಂಟಿಕ್ಕುತ್ತಿದ್ದಳು. ಎಪ್ಪತ್ತು. ಮತ್ತೆ ಎಪ್ಪತ್ತು. ಎಪ್ಪತ್ತೆರಡು.

ನಾನು ಮಗಳಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹೆಣ್ಣು ಕೊಟ್ಟವಳು ಗಂಡಿನ ತಾಯಿಯ ಮೇಲೆ ಚಾಡಿ ಹೇಳಿದಳು ಎನ್ನಿಸಿಕೊಳ್ಳುವುದು ಬೇಡವಾಗಿತ್ತು. ಆಸ್ಪತ್ರೆಯಾಗಿದ್ದರೆ ಕಾಲಿಗೆ ಎರಡು ಬಿಟ್ಟು, "ಮಡಿಸವ್ವ" ಎನ್ನುತ್ತಿದ್ದೆ. ಇಲ್ಲಿ ಬಾಯಿ ಮುಚ್ಚಿಕೊಂಡೆ. ಹಾಗೆ ಮೂರು ವಾರ ಹಾಳು ಮಾಡಿದೆವು, ಇಬ್ಬರೂ ಸೇರಿ.

ಒಂದು ಮಧ್ಯಾಹ್ನ ಬೀಗಿತ್ತಿ ಸೋಫಾದ ಮೇಲೆ ನಿದ್ದೆ ಹೋಗಿದ್ದರು. ಮೊಮ್ಮಗಳು ಬಂದು ನನ್ನ ಸೆರಗು ಎಳೆದು, "ಅಜ್ಜಿ, ಲುಕ್, ಅಜ್ಜಿ ಮೌಂಟನ್ ಮಾಡಿದ್ದಾಳೆ" ಎಂದಳು. ಹೊದಿಕೆಯ ಕೆಳಗೆ ಬಲಮಂಡಿ ಎದ್ದು ನಿಂತಿತ್ತು. ಪಾದ ಸೋಫಾದ ಮೇಲೆ, ಹಿಮ್ಮಡಿ ಹತ್ತಿರ ಹತ್ತಿರ ತೊಡೆಗೆ. ಅಳತೆಗೋಲು ಬೇಕಾಗಿರಲಿಲ್ಲ. ಅದು ತೊಂಬತ್ತಕ್ಕಿಂತ ಹೆಚ್ಚು. ಎಚ್ಚರವಾದ ಕೂಡಲೇ ಕಾಲು ಕೋಲಾಯಿತು.

ಮಂಡಿ ಕಟ್ಟಿಕೊಂಡಿರಲಿಲ್ಲ. ಅವರು ಕಟ್ಟಿ ಹಾಕಿದ್ದರು.

ಅವರು ಹೊರಡಲು ಒಂಬತ್ತು ದಿನ ಇದ್ದಾಗ ಅಳಿಯ, "ಅಮ್ಮ ಇಲ್ಲಿವರೆಗೂ ಬಂದು ಡ್ಯೂನ್ಸ್ ನೋಡದೇ ಹೋದ್ರೆ ಹೇಗೆ" ಎಂದು ಹೊಸ ಚೀಟಿ ಬರೆದ. ಡ್ಯೂನ್ಸ್ ಎಂದರೆ ಸಮುದ್ರದ ಪಕ್ಕದ ಮರಳುದಿಬ್ಬಗಳು. ನೂರ್ಡ್‌ವೈಕಿನಿಂದ ಬಡಗಣಕ್ಕೆ ಹಬ್ಬಿವೆ. ಹುಲ್ಲು, ಮುಳ್ಳುಪೊದೆ ಬೆಳೆದು ಗಟ್ಟಿಯಾಗಿವೆ. ಅವುಗಳ ಮೇಲೆ ಸೈಕಲ್ ದಾರಿ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಅಂಗೈಯಂಥ ಈ ದೇಶದಲ್ಲಿ ಏರು ಎಂದು ನಮಗೆ ಸಿಕ್ಕಿದ್ದು ಅದೊಂದೇ. ಅಳಿಯನ ಲೆಕ್ಕ ಹೀಗಿತ್ತು. ಮೊದಲು ಒಳನಾಡಿನ ಹೊಲಗಳ ಸಮ ದಾರಿಯಲ್ಲಿ ಬಡಗಣಕ್ಕೆ ಹೋಗುವುದು, ಕೊನೆಯಲ್ಲಿ ಸಮುದ್ರದ ಕಡೆ ತಿರುಗಿ, ದಿಬ್ಬದ ದಾರಿಯಲ್ಲಿ ಇಳಿದು ಮನೆಗೆ ಬರುವುದು. ಬಡಗಣ ಗಾಳಿ ಇದೆ, ಬರುವಾಗ ಬೆನ್ನಿಗೆ ಬೀಳುತ್ತದೆ, ದಿಬ್ಬ ಸುಲಭ ಎಂದು ಬಿಡಿಸಿ ಹೇಳಿದ.

ಬೆಳಿಗ್ಗೆ ಸೈಕಲ್ ಹತ್ತಿದ ಮೇಲೆ ಬೀಗಿತ್ತಿ ಕನ್ನಡಕ ಏರಿಸಿ ಚೀಟಿ ನೋಡಿದರು. ಫೋನಿನಲ್ಲಿ ಮಗ ಕಳಿಸಿದ ನಕ್ಷೆಯನ್ನೂ ನೋಡಿದರು.

"ರೀ, ಇದು ಎಡಸುತ್ತು."

"ಏನು?"

"ಸುತ್ತು ಎಡಗಡೆಯಿಂದ ಬರತ್ತೆ. ಅಪ್ರದಕ್ಷಿಣೆ. ಊರಿಗೆ ಹೊರಡೋ ಮುಂಚೆ ನಾನು ಅಪ್ರದಕ್ಷಿಣೆ ಹಾಕ್ಲಾ? ಮೊದಲೇ ಕಾಲು ಮುರ್ಕೊಂಡಿದ್ದೀನಿ."

"ನಡುವೆ ಯಾವ ದೇವ್ರು ಕೂತವ್ನೆ, ಪ್ರದಕ್ಷಿಣೆ ಹಾಕಕ್ಕೆ? ಹೂವಿನ ಗಡ್ಡೆ ಹೊಲ ಅಲ್ವ ಇರಾದು."

"ಏನಿದ್ಯೋ ನಮಗೇನ್ ಗೊತ್ತು? ಬಲಸುತ್ತೇ ಹೋಗೋಣ. ಚೀಟೀನ ಕೆಳಗಿಂದ ಮೇಲಕ್ಕೆ ಓದಿದ್ರೆ ಆಯ್ತಲ್ಲ."

ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಸುತ್ತು ಅಂದರೆ ಸುತ್ತು. ಗಾಳಿಯ ಮಾತು ನಾನು ಮರೆತಿದ್ದೆ. ಬ್ಯಾಟರಿಯ ಗೆರೆ ನಾಲ್ಕರಲ್ಲಿ ಎರಡೇ ಉರಿಯುತ್ತಿದ್ದದ್ದನ್ನು ಕಂಡಿದ್ದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ತಪ್ಪು ಅವರದು ಅರ್ಧ, ನನ್ನದು ಅರ್ಧ. ಈಗ ಕೇಳಿದರೂ ಹಾಗೆಯೇ ಹೇಳುತ್ತೇನೆ.

ಊರು ದಾಟಿದ ಕೂಡಲೇ ದಿಬ್ಬ ಶುರುವಾಯಿತು. ಅದರ ಜೊತೆಗೆ ಗಾಳಿ, ನೇರ ಮುಖಕ್ಕೆ. ಬ್ಯಾಟರಿಯ ಗುಂಡಿಯನ್ನು ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಒತ್ತಿದೆ. ಏರು ಬಂದಾಗ ಗಾಡಿ ಗೊಣಗುತ್ತ ಏರುತ್ತಿತ್ತು, ಇಳಿಜಾರಿನಲ್ಲೂ ಗಾಳಿ ಹಿಂದಕ್ಕೆ ತಳ್ಳುತ್ತಿತ್ತು. ಎಡಕ್ಕೆ ದಿಬ್ಬದ ಸಂದಿನಲ್ಲಿ ಒಂದೊಂದು ಕಡೆ ಸಮುದ್ರ ತಗಡಿನಂತೆ ಹೊಳೆಯಿತು. ಬೀಗಿತ್ತಿಗೆ ತುಂಬಾ ಸಂತೋಷ. "ಎಷ್ಟು ಚೆನ್ನಾಗಿದೆ ಅಲ್ವೇನ್ರೀ" ಎಂದು ಕೈ ಚಾಚಿ ತೋರಿಸಿದರು. ನನಗೆ ಏನೂ ಕಾಣುತ್ತಿರಲಿಲ್ಲ. ಕಣ್ಣಿಗೆ ಬೆವರು ಇಳಿಯುತ್ತಿತ್ತು.

ಮೂರನೆಯ ನಂಬರಿನ ಕಂಬ ದಾಟಿ ಒಂದು ಉದ್ದನೆಯ ಏರು. ಅದರ ಮುಕ್ಕಾಲು ಭಾಗ ಏರಿರಬೇಕು. ಬ್ಯಾಟರಿಯ ಕೊನೆಯ ಗೆರೆ ಮಿನುಗಿ ಮಿನುಗಿ ಆರಿತು. ಗಾಡಿ ನಿಂತಿತು. ಕಬ್ಬಿಣದ ರಾಶಿ, ಅದರ ಮೇಲೆ ಇಬ್ಬರು ಮುದುಕಿಯರು. ನಾನು ನಿಂತು ತುಳಿದೆ, ಚಕ್ರ ಅರ್ಧ ಸುತ್ತು ಉರುಳಿ ಸೋತಿತು. ಬ್ರೇಕ್ ಹಾಕಿ ನಿಲ್ಲಿಸಿದೆ.

"ಈಗೇನ್ರೀ ಮಾಡೋದು?" ಎಂದರು ಬೀಗಿತ್ತಿ.

ಅಷ್ಟರಲ್ಲಿ ಹಿಂದಿನಿಂದ ಗಂಟೆ ಕೇಳಿಸಿತು. ಐದಾರು ಜನರ ಗುಂಪು, ತೆಳ್ಳನೆಯ ಚಕ್ರದ ಸೈಕಲ್ಲು, ಮೈಗೆ ಅಂಟಿದ ಬಣ್ಣಬಣ್ಣದ ಬಟ್ಟೆ. ವೇಗವಾಗಿ ಓಡಿಸುವವರು ಎಂದರೆ ಹುಡುಗರು ಎಂದುಕೊಂಡಿದ್ದೆ. ಹತ್ತಿರ ಬಂದಾಗ ನೋಡಿದರೆ ಎಲ್ಲರೂ ನಮ್ಮ ವಯಸ್ಸಿನ ಗಂಡಸರು. ಟೋಪಿಯ ಕೆಳಗೆ ಬಿಳಿ ಹುಬ್ಬು, ಬಿಗಿ ಚಡ್ಡಿಯ ಮೇಲೆ ದುಂಡನೆಯ ಹೊಟ್ಟೆ. ನಮ್ಮೂರಲ್ಲಿ ಹೀಗೆ ಹೊರಟರೆ ಸೊಸೆಯರು ಬಾಗಿಲು ಹಾಕಿಕೊಳ್ಳುತ್ತಾರೆ. ಒಬ್ಬ ನಿಧಾನ ಮಾಡಿ ಪಕ್ಕಕ್ಕೆ ಬಂದು ಏನೋ ಕೇಳಿದ. ನಮ್ಮ ಸೀಟಿನ ಹಿಂಬದಿಗೆ ಅಂಗೈ ಇಟ್ಟು, ತಳ್ಳಲಾ ಎಂಬಂತೆ ತೋರಿಸಿದ. ಇನ್ನೊಬ್ಬ ಆ ಕಡೆಯಿಂದ ಕೈ ಚಾಚಿದ. ಇಬ್ಬರೂ ತಳ್ಳಿದರೆ ನಾವು ಎರಡು ನಿಮಿಷಕ್ಕೆ ಮೇಲೆ.

ಬೀಗಿತ್ತಿ, "ಯೆಸ್, ಯೆಸ್, ಪ್ಲೀಸ್" ಎಂದರು.

ನಾನು, "ನೇ, ನೇ" ಎಂದೆ. ಬೇಡ ಎನ್ನುವುದಕ್ಕೆ ಇಲ್ಲಿ ಹಾಗೆ ಹೇಳುತ್ತಾರೆ. ಮೊಮ್ಮಗಳ ಬಾಯಲ್ಲಿ ದಿನಾ ನೂರು ಸಲ ಕೇಳಿದ್ದು. ಕೈಯನ್ನೂ ಬೀಸಿದೆ, ಕಾಗೆ ಓಡಿಸುವಂತೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಕ್ಕು, ಏನೋ ಒಳ್ಳೆಯದೇ ಹೇಳಿ ಏರು ಹತ್ತಿ ಹೋದರು.

ಬೀಗಿತ್ತಿ ನನ್ನ ಕಡೆ ತಿರುಗಿದ ರೀತಿ ನೋಡಿದರೆ ನಾನು ಅವರ ಶಾಲೆಯಲ್ಲಿ ಓದದೇ ಇದ್ದದ್ದು ಒಳ್ಳೆಯದಾಯಿತು ಎನ್ನಿಸಿತು.

"ತಲೆ ಕೆಟ್ಟಿದ್ಯೇನ್ರೀ ನಿಮಗೆ? ತಾವಾಗಿ ಬಂದು ತಳ್ತೀನಿ ಅಂದೋರ್ನ ಓಡಿಸ್ತೀರಲ್ಲ!"

"ನಿಮ್ಗೆ ಎರಡು ಕಾಲದೆ. ತುಳೀರಿ."

"ನನ್ ಕಾಲು ಮಡಿಯಲ್ಲ ಅಂತ ಗೊತ್ತಿಲ್ವಾ?"

"ಮಡಿತದೆ. ನೀವು ಮಲಗಿದ್ದಾಗ ಮಡಿಸ್ಕೊಂಡು ಮಲಗಿರ್ತೀರಿ. ನಾನೇ ನೋಡಿವ್ನಿ."

"ಸುಳ್ಳು."

"ಮಗೂನ ಕೇಳಿ. ಬೆಟ್ಟ ಮಾಡವ್ಳೆ ಅಜ್ಜಿ ಅಂತು. ಮತ್ತೆ ಆ ಉದ್ದನೆ ಹುಡ್ಗಿಗೆ ದಿನಾ ಹತ್ತು ಕಿಲೋಮೀಟರ್ ಅಂತೀರಲ್ಲ, ಅದು ಯಾರ ಕಾಲು? ಮೂರು ವಾರದಿಂದ ನಿಮ್ಮ ಪೆಡ್ಲು ಒಂದು ಸುತ್ತು ತಿರುಗಿಲ್ಲ. ಬೀಗಿತ್ತಿ ಅಂತ ಸುಮ್ನಿದ್ದೆ. ರೋಗಿ ಆಗಿದ್ರೆ ಸುಮ್ನಿರ್ತಿರ್ಲಿಲ್ಲ."

ಅವರು ಎದುರಿಗೆ ನೋಡುತ್ತ ಕುಳಿತರು. ಗಾಳಿಗೆ ಕೂದಲೆಲ್ಲ ಬಿಚ್ಚಿ ಮುಖದ ಮೇಲೆ ಹಾರುತ್ತಿತ್ತು, ಒತ್ತಿಕೊಳ್ಳಲಿಲ್ಲ. ಅಳುತ್ತಾರೇನೋ ಎಂದುಕೊಂಡೆ. ಅಳಲಿಲ್ಲ. ಮಂಡಿಯ ಮೇಲೆ ಅಂಗೈ ಇಟ್ಟುಕೊಂಡು ಹೇಳಿದರು.

"ಬಿದ್ದಾಗ ಶಬ್ದ ಕೇಳಿಸ್ತು ರೀ. ಒಣಗಿದ ಕೊಂಬೆ ಮುರಿದ ಹಾಗೆ. ಯಾರಿಗೂ ಹೇಳಿಲ್ಲ. ಕಾಲು ಮಡಿಸೋಕೆ ಹೋದಾಗೆಲ್ಲ ಆ ಶಬ್ದ ಮತ್ತೆ ಬರತ್ತೆ ಅಂತ ಕಾಯ್ತಾ ಕೂತಿರ್ತೀನಿ. ಬೇಕಂತ ಮಾಡೋದಲ್ಲ. ಮಂಡಿ ತಾನೇ ಹಿಡ್ಕೊಂಡುಬಿಡತ್ತೆ."

ಇದನ್ನು ನಾನು ಆಸ್ಪತ್ರೆಯಲ್ಲಿ ಬೇಕಾದಷ್ಟು ಸಲ ಕೇಳಿದ್ದೆ, ಬೇರೆ ಬೇರೆ ಬಾಯಲ್ಲಿ. ಸಮಾಧಾನ ಹೇಳಿದರೆ ಅಂಥವರು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.

"ಶಬ್ದ ಬಂದ್ರೆ ನಾನೂ ಕೇಳಿಸ್ಕೋತೀನಿ, ಪಕ್ಕದಲ್ಲೇ ಇವ್ನಿ. ಈಗ ಕಾಲು ಕೆಳಗೊತ್ತಿ. ಮೇಲಕ್ಕೆ ತರೋದು ಬ್ಯಾಡ. ಒತ್ತಿ, ಅರ್ಧಕ್ಕೆ ಹಿಂದಕ್ಕೆ ತನ್ನಿ, ಮತ್ತೆ ಒತ್ತಿ. ನಾನು ಎಣಿಸ್ತೀನಿ."

ಬ್ರೇಕ್ ಬಿಟ್ಟೆ. ನಾನು ತುಳಿದೆ, ಅವರು ಒತ್ತಿದರು. ಗಾಡಿ ಎರಡು ಮೊಳ ಮುಂದೆ ಹೋಯಿತು. ಒಂದು. ಮತ್ತೆ ಹಿಂದಕ್ಕೆ, ಮತ್ತೆ ಒತ್ತು. ಎರಡು. ಬೀಗಿತ್ತಿ ಹಲ್ಲು ಕಚ್ಚಿ ಒತ್ತುತ್ತಿದ್ದರು, ಎರಡು ಕೈಯಲ್ಲೂ ಸೀಟಿನ ಅಂಚು ಹಿಡಿದಿದ್ದರು. ಹನ್ನೆರಡು ಎಣಿಸುವಷ್ಟರಲ್ಲಿ ಒಂದು ಮನೆ ಅಗಲದಷ್ಟು ಏರಿದ್ದೆವು. ಇಪ್ಪತ್ತಕ್ಕೆ ನಿಲ್ಲಿಸಿ ಉಸಿರು ಬಿಟ್ಟೆವು. ಮತ್ತೆ ಹತ್ತಿದೆವು. ಎಣಿಕೆಯ ಗತಿಗೆ ಅವರ ಕಾಲು ಅರಿವಿಲ್ಲದೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಮೇಲಕ್ಕೆ ಬರುತ್ತಿತ್ತು. ನಾನು ಓರೆಗಣ್ಣಿನಲ್ಲಿ ನೋಡುತ್ತ ಎಣಿಸುತ್ತಲೇ ಇದ್ದೆ.

ಮೂವತ್ತನಾಲ್ಕೋ ಐದೋ ಎಣಿಸುವಾಗ ಅವರು ಸೊಂಟವನ್ನು ಒಂದಿಷ್ಟು ಎತ್ತಿ, ಕಾಲನ್ನು ಮೇಲಿನ ತುದಿಯಿಂದ ಆಚೆಗೆ ಹಾಯಿಸಿಬಿಟ್ಟರು. ಪೆಡಲು ಪೂರಾ ಸುತ್ತಿತು. ಆಗಲೇ ಮಂಡಿಯೊಳಗೆ ಚಟ್ ಎಂದಿತು. ನನಗೂ ಕೇಳಿಸಿತು, ಆ ಗಾಳಿಯಲ್ಲೂ.

ಬೀಗಿತ್ತಿ "ಅಯ್ಯೋ" ಎಂದು ಕೂಗಿದ ಕೂಗಿಗೆ ಪೊದೆಯಿಂದ ಹಕ್ಕಿ ಎದ್ದು ಹೋಯಿತು. ಬ್ರೇಕ್ ಹಿಡಿದೆ. ಅವರ ಮಂಡಿಯ ಮೇಲೆ ಕೈ ಇಟ್ಟೆ. ಮುರಿದಿದ್ದರೆ? ಅಳಿಯನಿಗೆ ಏನು ಹೇಳಲಿ? ಸಹಾಯಕ್ಕೆ ಬಂದವರನ್ನು ಓಡಿಸಿದವಳು ನಾನು. ಚಿಪ್ಪನ್ನು ಎರಡು ಬೆರಳಲ್ಲಿ ಹಿಡಿದು ಆಚೆ ಈಚೆ ಸರಿಸಿದೆ. ಸರಿಯಾಗಿ ಸರಿಯಿತು. ಸುತ್ತ ಒತ್ತಿ ನೋಡಿದೆ.

"ನೋವದಾ?"

ಅವರು ಯೋಚಿಸಿದರು. "ಇದೆ. ಆದ್ರೆ ಆವತ್ತಿನ ನೋವಲ್ಲ."

"ಬೆರಳು ನೆಟಿಗೆ ತೆಗೆದಂಗೆ ಅಷ್ಟೆ. ಒಳಗೆ ಅಂಟ್ಕೊಂಡಿದ್ದು ಬುಟ್ಟದೆ."

"ನಿಮಗೆ ಹೇಗೆ ಗೊತ್ತು?"

"ಗೊತ್ತಿಲ್ಲ. ಅಂಗನ್ಕಂಡಿವ್ನಿ."

ಅವರಿಗೆ ನಗು ಬಂತು. ನಕ್ಕವರು ಹಾಗೆಯೇ ಇನ್ನೊಂದು ಸುತ್ತು ತುಳಿದರು. ಆಮೇಲೆ ಮತ್ತೊಂದು. ಪ್ರತಿ ಸಲ ಮೇಲೆ ಬಂದಾಗ ಸೊಂಟ ಎತ್ತುತ್ತಿದ್ದರು, ಎತ್ತಲಿ ಎಂದು ಬಿಟ್ಟೆ. ನಾನು ಎಣಿಸುವುದು ನಿಲ್ಲಿಸಿದೆ, ಅವರು ತಾವೇ ಇಂಗ್ಲಿಷಿನಲ್ಲಿ ಎಣಿಸತೊಡಗಿದರು, ಶಾಲೆಯ ಡ್ರಿಲ್ಲಿನಂತೆ. ದಿಬ್ಬದ ನೆತ್ತಿಯಲ್ಲಿ ಒಂದು ಬೆಂಚು ಇತ್ತು. ಅದರ ಮೇಲೆ ಕುಳಿತು ಡಬ್ಬಿಯ ಚಪಾತಿ, ಉಪ್ಪಿನಕಾಯಿ ತಿಂದೆವು.

ಇಳಿದು ಒಳನಾಡಿಗೆ ತಿರುಗಿದ ಮೇಲೆ ಗಾಳಿ ಬೆನ್ನಿಗೆ ಬಂತು. ಹೂವಿನ ಹೊಲಗಳ ನಡುವೆ ದಾರಿ. ಹೂವಿನ ಕಾಲ ಮುಗಿಯುತ್ತ ಬಂದಿತ್ತು. ಯಂತ್ರವೊಂದು ಸಾಲಿನ ಮೇಲೆ ಹೋಗುತ್ತ ಹೂವಿನ ತಲೆಯನ್ನೆಲ್ಲ ಕತ್ತರಿಸಿ ಬೀಳಿಸುತ್ತಿತ್ತು. ಗಡ್ಡೆ ದಪ್ಪಗಾಗಲಿ ಎಂದು ಹಾಗೆ ಮಾಡುತ್ತಾರಂತೆ. ಬೀಗಿತ್ತಿ, "ಪಾಪ, ಎಂಥ ಹೂವು" ಎಂದರು. ಒಳ್ಳೆಯ ಕೆಲಸ ಎಂದು ನನಗನ್ನಿಸಿತು, ಹೇಳಲಿಲ್ಲ. ಅವರು ತುಳಿಯುತ್ತಿದ್ದರು, ಅದು ನಿಲ್ಲಬಾರದು. ಬ್ಯಾಟರಿಯಿಲ್ಲದ ಆ ಗಾಡಿಯನ್ನು ನಾವಿಬ್ಬರೂ ಮೂರು ಕಡೆ ನಿಂತು, ಎರಡು ಊರು ದಾಟಿ ಮನೆ ಮುಟ್ಟಿಸಿದೆವು. ಒಂದು ಊರಿನಲ್ಲಿ ಬೇಕರಿಯ ಹೆಂಗಸು ಹೊರಗೆ ಬಂದು ಎರಡು ಲೋಟ ನೀರು ಕೊಟ್ಟಳು. ನಮ್ಮ ಮುಖ ಹಾಗಿದ್ದಿರಬೇಕು.

ಮನೆಗೆ ಬಂದಾಗ ಮೂರು ಗಂಟೆ. ಮಗಳು ಆಫೀಸು ಬಿಟ್ಟು ಓಡಿಬಂದು ಮಗುವನ್ನು ಕರೆತಂದಿದ್ದಳು. ಬಾಗಿಲಲ್ಲೇ ನಿಂತಿದ್ದಳು.

"ಅಮ್ಮ, ಫೋನ್ ಯಾಕೆ ಎತ್ತಲಿಲ್ಲ? ಎಷ್ಟು ಸಲ ಮಾಡಿದೆ ಗೊತ್ತಾ?"

"ಗಾಳಿ, ಕೇಳಿಸ್ಲಿಲ್ಲ."

"ಬ್ಯಾಟರಿ ಹೋಯ್ತು" ಎಂದರು ಬೀಗಿತ್ತಿ ಹಿಂದಿನಿಂದ. "ದಾರೀಲಿ ಒಬ್ಬರು ತಳ್ತೀನಿ ಅಂದ್ರು. ನಿಮ್ಮಮ್ಮ ಬೇಡ ಅಂದ್ರು."

ಇಷ್ಟು ದಿನ ನಾನು ಚಾಡಿ ಹೇಳಿರಲಿಲ್ಲ. ಅವರು ಒಂದೇ ಉಸಿರಿಗೆ ಹೇಳಿ ಮುಗಿಸಿ ಒಳಗೆ ಹೋದರು.

ಮಾರನೆಯ ದಿನ ಮಂಡಿ ಊದಿ ತೆಂಗಿನಕಾಯಿಯಾಯಿತು. ಫ್ರೀಜರಿನ ಬಟಾಣಿ ಪೊಟ್ಟಣ ಇಟ್ಟು ಕುಳಿತರು. ಮಗಳು ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಅಳಿಯ ಮಾತಾಡಿದ, ಅದು ಇನ್ನೂ ಕಷ್ಟ. "ಪರವಾಗಿಲ್ಲ ಅತ್ತೆ, ನೀವು ಒಳ್ಳೇದಕ್ಕೇ ಮಾಡಿದ್ರಿ" ಎಂದ, ಮುಖ ನೋಡದೆ. ನಾನು ಅಡುಗೆ ಮಾಡಿದೆ, ಮಗುವನ್ನು ಶಾಲೆಗೆ ಬಿಟ್ಟೆ, ಬಟ್ಟೆ ಒಗೆದು ಹಾಕಿದೆ. ಮಾಡಿದ್ದು ಸರಿಯೋ ತಪ್ಪೋ ಎಂದು ಆ ಎರಡು ದಿನ ನನಗೂ ತಿಳಿಯಲಿಲ್ಲ. ಆಸ್ಪತ್ರೆಯಲ್ಲಿ ತಪ್ಪಾದರೆ ಮೇಲೆ ಡಾಕ್ಟರು ಇದ್ದರು. ಇಲ್ಲಿ ಮೇಲೆ ಯಾರೂ ಇರಲಿಲ್ಲ.

ಮೂರನೆಯ ದಿನ ಫಿಸಿಯೋ. ನಾನೂ ಹೋದೆ. ಹುಡುಗಿ ಊತ ನೋಡಿ ಬಾಯಿಯಲ್ಲಿ ಚುಕ್ ಚುಕ್ ಎಂದಳು. ಬೀಗಿತ್ತಿ ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಹೇಳಿದರು. ನಡುನಡುವೆ ನನ್ನ ಕಡೆ ಬೆರಳು ತೋರಿಸಿದರು. ಹುಡುಗಿ ನನ್ನನ್ನು ನೋಡಿದಳು, ನಾನು ಗೋಡೆಯ ಮೇಲಿನ ಎಲುಬಿನ ಚಿತ್ರ ನೋಡಿದೆ. ಅವಳು ಪಾದ ಹಿಡಿದು ನಿಧಾನವಾಗಿ ಮಡಿಸುತ್ತ ಹೋದಳು. ಬೀಗಿತ್ತಿ ಕಣ್ಣು ಮುಚ್ಚಿಕೊಂಡರು. ಕಿರುಚಲಿಲ್ಲ. ಅಳತೆಗೋಲು ಇಟ್ಟಳು. ಇನ್ನೊಂದು ಸಲ ಇಟ್ಟಳು. ಅಂಕಿ ನನಗೆ ದೂರದಿಂದಲೇ ಕಂಡಿತು. ತೊಂಬತ್ತಾರು.

ಊತ ಇಳಿದ ಮೇಲೆ ಇನ್ನೂ ಬರುತ್ತದೆ ಎಂದಳಂತೆ. ಇನ್ನೊಮ್ಮೆ ಹಾಗೆ ಒಂದೇ ದಿನ ಅಷ್ಟು ದೂರ ಬೇಡ, ದಿನಾ ಸ್ವಲ್ಪ ಸ್ವಲ್ಪ ಎಂದೂ ಹೇಳಿದಳಂತೆ. ಎರಡನೆಯದನ್ನು ಬೀಗಿತ್ತಿ ಮನೆಯಲ್ಲಿ ಎಲ್ಲರಿಗೂ ಎರಡೆರಡು ಸಲ ಹೇಳಿದರು. ಉಳಿದ ದಿನಗಳಲ್ಲಿ ಕಾಲುವೆ ಪಕ್ಕದ ಸಮ ದಾರಿಯಲ್ಲಿ ದಿನಾ ಅರ್ಧ ಗಂಟೆ ಹೋದೆವು. ಬ್ಯಾಟರಿ ಆರಿಸಿಯೇ ಓಡಿಸೋಣ ಎಂದವರು ಅವರು, ನಾನಲ್ಲ.

ಅವರು ಹೊರಟ ದಿನ ಇಡೀ ಮನೆ ಏರ್‌ಪೋರ್ಟಿಗೆ ಹೋಯಿತು. ನನಗೆ ಸಾಸಿವೆ ಡಬ್ಬಿ ಬಗ್ಗೆ, ಮಗುವಿನ ಕೆಮ್ಮಿನ ಬಗ್ಗೆ, ಮೆಟ್ಟಿಲ ಬಗ್ಗೆ ಹೇಳಿ, ಒಳಗೆ ಹೋಗುವಾಗ ಒಂದು ಸಲ ಕೈ ಹಿಡಿದು ಬಿಟ್ಟರು. ಸ್ವಲ್ಪ ಕುಂಟುತ್ತಿದ್ದರು. ಕುಂಟುವುದು ನಡಿಗೆಯಿಂದ ಹೋಗುತ್ತದೆ, ಅದಕ್ಕೆ ನಾನು ಹೆದರಲಿಲ್ಲ. ನನಗೆ ಇದ್ದದ್ದು ಸೀಟಿನ ಚಿಂತೆ. ತೊಂಬತ್ತಾರು, ನೂರು ಎಂದು ಬೆಂಚಿನ ಮೇಲೆ ಅಳೆಯುವುದು ಬೇರೆ, ಹತ್ತು ಗಂಟೆ ಇಕ್ಕಟ್ಟಿನಲ್ಲಿ ಮಡಿಸಿಟ್ಟುಕೊಂಡು ಕೂರುವುದು ಬೇರೆ. ಮಾರನೆಯ ದಿನ ಪೂರ್ತಿ ಫೋನು ಸೆರಗಿನಲ್ಲೇ ಕಟ್ಟಿಕೊಂಡು ಓಡಾಡಿದೆ.

ಸಂಜೆ ನಾಲ್ಕಕ್ಕೆ ಬಂತು ಫೋನು.

"ರೀ, ಕಿಟಕಿ ಪಕ್ಕ ಒಬ್ಬ ಕೂತಿದ್ದ. ಅವನಿಗೇನು ಬಂದಿತ್ತೋ, ಮೂರು ಸಲ ಎದ್ದ. ಮೂರು ಸಲವೂ ನಾನು ಕಾಲು ಒಳಗೆಳ್ಕೊಂಡು ದಾರಿ ಬಿಟ್ಟೆ. ಒಂದು ಸಲ ನಿದ್ದೆ ಹತ್ತಿತ್ತು, ಆಗಲೂ ಎಬ್ಬಿಸಿದ. ಸ್ವಲ್ಪಾನೂ ಮರ್ಯಾದೆ ಇಲ್ಲ ಜನಕ್ಕೆ."

"ಹತ್ತು ಗಂಟೆ ಕೂರಕ್ಕಾಯ್ತಾ?" ಎಂದೆ.

"ಇನ್ನೇನ್ರೀ, ನಿಂತ್ಕೊಂಡು ಬಂದ್ನಾ?" ಎಂದು ಫೋನಿಟ್ಟರು.